‘ಇಲ್ಲ’ ಮತ್ತು ‘ಇನ್ನೂ ಇಲ್ಲ’



ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ ಎಂದೊಡನೆ ನಿಮಗೆ ತರಳಬಾಳು ಹುಣ್ಣಿಮೆ ನೆನಪಾಗಬಹುದು. ಅಲ್ಲಿನ ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನು ಕಂಪ್ಯೂಟರಿಗೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶವನ್ನು ರೂಪಿಸಿದವರು. ಪಾಣಿನಿಯ ಸುಮಾರು 4000 ಸೂತ್ರಗಳಲ್ಲಿ ಕೆಲವು ಐಚ್ಛಿಕ. ಅವನ್ನು ಸೂಚಿಸಲು ಆತ ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಮ್’ ಎಂಬ ಬೇರೆ ಬೇರೆ ಪದಗಳನ್ನು ಬಳಸಿದ್ದಾನೆ. ಇವೆಲ್ಲಕ್ಕೂ ಒಂದೇ ಅರ್ಥವೆಂಬುದು ವ್ಯಾಖ್ಯಾನಕಾರರ ಸಂಪ್ರದಾಯ. ಮೊದಲನೆಯದಕ್ಕೆ ‘ಮಾಡುವುದು ಮೇಲು’, ಎರಡನೆಯದಕ್ಕೆ ‘ಮಾಡದಿರುವುದು ಮೇಲು’, ಮೂರನೆಯದಕ್ಕೆ ‘ಎರಡೂ ಸರಿ’ ಎಂಬ ಅರ್ಥವಿದೆಯೆಂದು ಪಾಲ್ ಕಿಪಾರ್ಸ್ಕಿ 1979ರಲ್ಲಿ ವಾದಿಸಿದರು. ಐಚ್ಛಿಕವಾದುದಕ್ಕೂ ಖಚಿತವಾದ ಅರ್ಥ ಬೇಕು. ಕಂಪ್ಯೂಟರಿನ ಒಳಗೂ ಇದೇ ಪ್ರಶ್ನೆ ಏಳುತ್ತದೆ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಒಂದು ಕಾರ್ಯಾಚರಣ ವ್ಯವಸ್ಥೆಯ ತಿರುಳು, ಅಂದರೆ ಕರ್ನಲ್. ಪರದೆಯನ್ನು ನಡೆಸುವ ಅದರ ಭಾಗಕ್ಕೆ ಡಿಸ್‌ಪ್ಲೇ ಡ್ರೈವರ್ ಎಂದು ಹೆಸರು. ಅದರಲ್ಲಿ ಸೇರಿಸಬೇಕಾದ ಬದಲಾವಣೆಯೇ ಪ್ಯಾಚ್. ಅದನ್ನು ಸೇರಿಸುವ ಮುನ್ನ ಬೇರೆಯವರು ಓದಿ ಪರಿಶೀಲಿಸುತ್ತಾರೆ.

ಒಂದು ಉದಾಹರಣೆ ನೋಡೋಣ. ಕೆಲವು ಯಂತ್ರಗಳಲ್ಲಿ ಪರದೆಗೆ ರೀಸೆಟ್ ತಂತಿಯೊಂದಿರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಎರಡೂ ಬಗೆಯ ಯಂತ್ರಗಳಿಗೆ ಒಂದೇ ಡ್ರೈವರ್ ಸಾಕೆಂದು ಪ್ಯಾಚ್ ಬರೆಯುವವರು ಆ ತಂತಿಯನ್ನು ಐಚ್ಛಿಕವಾಗಿ ಕೇಳುತ್ತಾರೆ. ಕರ್ನಲ್ ಕೊಡುವ ಉತ್ತರ ಮುಖ್ಯವಾಗಿ ಮೂರು ಬಗೆ: ‘ಇದೆ’, ‘ಇಲ್ಲ’, ‘ಇದೆ, ಆದರೆ ಅದನ್ನು ನಿಯಂತ್ರಿಸುವ ಭಾಗ ಇನ್ನೂ ಸಿದ್ಧವಾಗಿಲ್ಲ’. ‘ಇಲ್ಲ’ ಎಂದರೆ ಡ್ರೈವರ್ ಸುಮ್ಮನೆ ಮುಂದುವರಿಯಬೇಕು. ಮೂರನೆಯ ಉತ್ತರ ಬಂದರೆ ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಕರ್ನಲ್ ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಬೇರೆ ಯಾವುದೇ ದೋಷ ಬಂದರೂ ಅದನ್ನು ನುಂಗದೆ ತಿಳಿಸಬೇಕು.

ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ‘ಬರುವುದಿಲ್ಲ’ ಎಂದವರಿಗೆ ಎಲೆ ಹಾಕುವುದಿಲ್ಲ. ಬಸ್ಸು ತಡವಾದವರನ್ನು ಅದೇ ಲೆಕ್ಕಕ್ಕೆ ಸೇರಿಸಿದರೆ ನ್ಯಾಯವೇ? ‘ಐಚ್ಛಿಕವಷ್ಟೇ’ ಎಂದು ದೋಷಗಳನ್ನೆಲ್ಲ ಕಡೆಗಣಿಸುವ ಪ್ಯಾಚ್ ಮಾಡುವುದು ಇದನ್ನೇ. ಭಾಗಗಳು ಎಚ್ಚರಗೊಳ್ಳುವ ಕ್ರಮ ಬದಲಾದ ದಿನ ಪರದೆ ಕತ್ತಲಾಗಬಹುದು. ಮರುದಿನ ಏನೂ ಆಗದಂತೆ ಬೆಳಗಬಹುದು. ಹಳ್ಳಿಯ ಶಾಲೆಯ ಪ್ರಯೋಗಾಲಯದಲ್ಲಿ ಹೀಗಾದರೆ ಮೇಷ್ಟ್ರು ಬೈಯುವುದು ಪರದೆಯನ್ನು. ತಪ್ಪು ಇರುವುದು ಎಲ್ಲೋ ಬರೆದ ಒಂದು ಸಾಲಿನಲ್ಲಿ.

ಆದ್ದರಿಂದ ಪರಿಶೀಲಕರು ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ತಂತಿಯಿಲ್ಲದ ಹಳೆಯ ಯಂತ್ರ ಮೊದಲಿನಂತೆಯೇ ನಡೆಯುವುದೇ? ದೋಷವನ್ನು ‘ಇಲ್ಲ’ ಎಂದು ತಿಳಿದದ್ದುಂಟೇ? ಪ್ಯಾಚ್ ಒಂದೇ ಕೆಲಸವನ್ನು ಮಾಡಿ, ಅದರ ಕಾರಣವನ್ನು ವಿವರಿಸಿದೆಯೇ? ಆ ಯಂತ್ರ ಅವರ ಮೇಜಿನ ಮೇಲೆ ಇರಲೇಬೇಕೆಂದಿಲ್ಲ. ಎಷ್ಟೋ ತಪ್ಪುಗಳು ಗಮನವಿಟ್ಟು ಓದಿದರೆ ಸಿಗುತ್ತವೆ. ಒಪ್ಪಿಗೆಯಾದರೆ ಪ್ಯಾಚಿನ ಕೆಳಗೆ ‘ಪರಿಶೀಲಿಸಿದವರು’ ಎಂದು ತಮ್ಮ ಹೆಸರನ್ನು ಬರೆಯುತ್ತಾರೆ. ಅದು ಹೊಣೆಯ ಸಹಿ.

ಲಿನಕ್ಸ್‌ನ ಮೂಲಬರಹ ಎಲ್ಲರಿಗೂ ಮುಕ್ತ. ಸಿ ಭಾಷೆಯನ್ನು ಕಲಿಯುತ್ತಿರುವವರು ಪರದೆಯ ಒಂದು ಪುಟ್ಟ ಡ್ರೈವರನ್ನು ತೆರೆದು, ಪ್ರತಿಯೊಂದು ‘ಇಲ್ಲ’ದ ಮುಂದೆಯೂ ನಿಂತು ಕೇಳಿ: ಇದು ನಿಜವಾಗಿ ಇಲ್ಲವೇ, ಇನ್ನೂ ಬಂದಿಲ್ಲವೇ? ಹೀಗೆ ಕೇಳುವುದೇ ಪರಿಶೀಲನೆಯ ಮೊದಲ ಪಾಠ.