ಲೇಸರ್ ಪೆನ್ನಿನ ಮೇಲಿನ ಚೀಟಿ
(ನೇತ್ರ ವಿಭಾಗದಲ್ಲಿ ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ವೈದ್ಯರು ಮಾಡಿದ ಉಪನ್ಯಾಸ)



ಪೂಜ್ಯ ಶ್ರೀಗಳವರ ಅಪ್ಪಣೆಯಂತೆ ಜಾತ್ರೆಗೆ ಮುಂಚೆ ತಮ್ಮೊಡನೆ ಎರಡು ಮಾತಾಡಲು ನಿಂತಿದ್ದೇನೆ. ತೇರಿನ ಬೀದಿಯಲ್ಲಿ ಪೀಪಿ, ಬಲೂನಿನ ಜೊತೆಗೆ ಲೇಸರ್ ಪೆನ್ನೂ ಮಾರಾಟಕ್ಕೆ ಬರುತ್ತದೆ. ಮಗನಿಗೆ ಅದನ್ನು ಕೊಡಿಸಿದ ತಾಯಿಯೊಬ್ಬರು ಪೆನ್ನಿನ ಮೇಲಿನ ಹಳದಿ ಚೀಟಿ ತೋರಿಸಿ, "ಐದಕ್ಕಿಂತ ಕಡಿಮೆ ಅಂತ ಬರೆದಿದೆಯಲ್ಲ ಡಾಕ್ಟ್ರೇ, ಏನಾಗುತ್ತೆ?" ಎಂದು ನನ್ನನ್ನು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ.

ಐದು ಎಂದರೆ 5 ಮಿಲಿವ್ಯಾಟ್. ಬೆಳಕು 1 ಮಿಲಿವ್ಯಾಟಿನೊಳಗಿದ್ದರೆ, ಅಕಸ್ಮಾತ್ ಬಿದ್ದಾಗ ರೆಪ್ಪೆ ಕಾಲು ಸೆಕೆಂಡಿನಲ್ಲಿ ತಾನೇ ಮುಚ್ಚಿಕೊಂಡು ಕಣ್ಣನ್ನು ಕಾಯುತ್ತದೆ. ಮಕ್ಕಳು ಪಂದ್ಯ ಕಟ್ಟಿ ದಿಟ್ಟಿಸಿದರೆ ಆ ಲೆಕ್ಕ ನಡೆಯುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರಿಗೆ ವೈದ್ಯರು ಲೇಸರ್ ಚಿಕಿತ್ಸೆ ಕೊಡುವುದನ್ನು ತಾವು ಬಲ್ಲಿರಿ. ಸಾಮಾನ್ಯವಾಗಿ 200 ಮಿಲಿವ್ಯಾಟಿನ ಆಸುಪಾಸಿನ ಬೆಳಕು, ಅದೂ ಸೆಕೆಂಡಿನ ಹತ್ತನೇ ಒಂದು ಪಾಲು ಹೊತ್ತು. ಅಷ್ಟಕ್ಕೇ ಕಣ್ಣಿನ ಒಳಪರದೆ ಸುಟ್ಟು ಬಿಳಿ ಗುರುತು ಬೀಳುತ್ತದೆ. ನಾವು ದೃಷ್ಟಿಯ ನಟ್ಟನಡುವಿನ ಜಾಗವನ್ನು ಬಿಟ್ಟು ಸುಡುತ್ತೇವೆ. ಪೆನ್ನನ್ನು ದಿಟ್ಟಿಸುವ ಮಗುವಿಗೆ ಸುಡುವುದು ಆ ನಟ್ಟನಡುವೇ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಓದುವಾಗ ಅಕ್ಷರದ ನಡುವೆ ಮಸುಕು ಕಂಡಾಗಲೇ ತಿಳಿಯುವುದು.

ಹಾಗಾದರೆ ಚೀಟಿ ನಿಜವೇ? ಅಮೆರಿಕಾ ಸರ್ಕಾರದ ಅಳತೆ ಸಂಸ್ಥೆಯಾದ ನಿಸ್ಟ್ 122 ಪೆನ್ನುಗಳನ್ನು ಅಳೆದು 2013ರಲ್ಲಿ ಫಲಿತಾಂಶ ತಿಳಿಸಿತು. ಹಸಿರು ಪೆನ್ನುಗಳಲ್ಲಿ ಸುಮಾರು ಶೇ. 90, ಕೆಂಪಿನಲ್ಲಿ ಶೇ. 44 ಅಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕಂತಿರಲಿಲ್ಲ.

ಹಸಿರಿಗೆ ಒಂದು ವಿಶೇಷವಿದೆ. ಬಹಳಷ್ಟು ಹಸಿರು ಪೆನ್ನುಗಳೊಳಗೆ ಮೊದಲು ಹುಟ್ಟುವುದು ಹಸಿರೇ ಅಲ್ಲ. ಟಿವಿ ರಿಮೋಟಿನಿಂದ ಬರುವಂಥ ಕಣ್ಣಿಗೆ ಕಾಣದ ಕಿರಣ. ಅದು ಎರಡು ಹರಳುಗಳನ್ನು ಹಾಯ್ದು ಹಸಿರಾಗುತ್ತದೆ. ಉಳಿದ ಕಾಣದ ಕಿರಣವನ್ನು ತಡೆಯಲು ಒಂದು ಚೂರು ಗಾಜು ಬೇಕು. ಅಗ್ಗದ ಪೆನ್ನಿನಲ್ಲಿ ಉಳಿತಾಯವಾಗುವುದು ಆ ಗಾಜೇ! 10 ಮಿಲಿವ್ಯಾಟ್ ಎಂದು ಮಾರಿದ ಒಂದು ಪೆನ್ನಿನಿಂದ ಸುಮಾರು 20 ಮಿಲಿವ್ಯಾಟ್ ಕಾಣದ ಕಿರಣ ಹೊರಬರುತ್ತಿತ್ತೆಂದು ಅದೇ ಸಂಸ್ಥೆ 2010ರಲ್ಲಿ ವರದಿ ಮಾಡಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ.

ಪ್ರಖರತೆ ನೋಡಿ ಶಕ್ತಿ ಅಂದಾಜು ಮಾಡುವುದೂ ಮೋಸವೇ. ನಮ್ಮ ಕಣ್ಣಿಗೆ ಹಸಿರು ಚೆನ್ನಾಗಿ ಕಾಣುತ್ತದೆ. ಅಷ್ಟೇ ಪ್ರಖರವಾಗಿ ಕಾಣಬೇಕಾದರೆ ಸಾಮಾನ್ಯ ಕೆಂಪು ಪೆನ್ನಿಗೆ ಸುಮಾರು ಎಂಟು ಪಟ್ಟು ಶಕ್ತಿ ಬೇಕು. ನೇರಳೆಯದಂತೂ ಮಂಕಾಗಿ ಕಂಡರೂ ಒಳಗೆ ಬೆಂಕಿ ಇಟ್ಟುಕೊಂಡಿರಬಹುದು.

ಕಾಲೇಜಿನ ಹುಡುಗರು ಸೆಲ್ಲಿನ ಲೆಕ್ಕ ಹಾಕುತ್ತಾರೆ. ಎರಡು ಸೆಲ್ಲಿಗೆ 3 ವೋಲ್ಟ್, 300 ಮಿಲಿಆಂಪಿಯರ್ ಹರಿದರೆ 900 ಮಿಲಿವ್ಯಾಟ್. ಸರಿ, ಆದರೆ ಅದು ಒಳಗೆ ಹೋದದ್ದು. ಎಷ್ಟು ಬೆಳಕಾಯಿತು, ಎಷ್ಟು ಬಿಸಿಯಾಗಿ ಹೋಯಿತು ಎಂಬುದು ಪೆನ್ನಿನಿಂದ ಪೆನ್ನಿಗೆ ಬೇರೆ. ನಿಜವಾದ ಅಳತೆಗೆ ಪವರ್ ಮೀಟರ್ ಬೇಕು: ಬೆಳಕು ಕಪ್ಪು ಬಿಲ್ಲೆಯ ಮೇಲೆ ಬೀಳುತ್ತದೆ, ಬಿಲ್ಲೆ ಕಾದಷ್ಟೂ ಅಂಕಿ ಏರುತ್ತದೆ. ಹಸಿರು ಪೆನ್ನಾದರೆ ಕಾಣದ ಕಿರಣ ತಡೆಯುವ ಗಾಜಿಟ್ಟು ಇನ್ನೊಮ್ಮೆ ಅಳೆದರೆ ಎರಡರ ಪಾಲೂ ಬೇರೆಬೇರೆ ತಿಳಿಯುತ್ತದೆ.

ಮೀಟರ್ ಇಲ್ಲದ ನಾವು ಅಂಗಡಿಯವನ ಮಾತನ್ನೇ ಗಮನಿಸಬಹುದು. ಕಪ್ಪು ಬಲೂನು ಒಡೆಯುತ್ತದೆ, ಬೆಂಕಿಕಡ್ಡಿ ಹೊತ್ತಿಸುತ್ತದೆ ಎಂದು ತೋರಿಸಿದನೇ? ಹಾಗಾದರೆ ಚೀಟಿಯಲ್ಲಿರುವ ಐದು ಸುಳ್ಳು. ಮನೆಯಲ್ಲಿ ಅದನ್ನು ಪರೀಕ್ಷಿಸಿ ನೋಡಲು ಹೋಗಬೇಡಿ.

ಈಗಾಗಲೇ ಮಗುವಿನ ಕಣ್ಣಿಗೆ ಬಿದ್ದಿದ್ದರೆ ಹರಳೆಣ್ಣೆ, ಎದೆಹಾಲು ಹಾಕದೆ, ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರಿನ ಅಂಕಿ ಓದಿಸಿ. ಮಸುಕು, ಕಪ್ಪು ಚುಕ್ಕೆ, ಸೊಟ್ಟ ಗೆರೆ ಎಂದರೆ ಅದೇ ದಿನ ಕರೆತನ್ನಿ. ಪೆನ್ನನ್ನೂ ತನ್ನಿ, ಸೆಲ್ ತೆಗೆದು.