ಕಂಪನಿ ಕರೆದರೂ ಊರಿಗೆ ಬಾರದ ಸುದ್ದಿ

(ಲ್ಯಾಪ್‌ಟಾಪ್ ಬ್ಯಾಟರಿಗಳ ಹಿಂಪಡೆತ ಕುರಿತು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಬಳಕೆದಾರರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಪರಿಸರದ ವೇದಿಕೆಯಲ್ಲಿ ಕಾಡು, ಕಣಿವೆ, ಅಣೆಕಟ್ಟುಗಳ ಮಾತು ಬರುವುದು ರೂಢಿ. ಇಂದಿನ ವಿಷಯ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಕುಳಿತಿರುವ ಬ್ಯಾಟರಿ. ಘಟ್ಟದ ಮೇಲಿನವರಿಗೂ ಬಯಲುಸೀಮೆಯ ಈ ಮಾತಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಮಹಾಬಳೇಶ್ವರದ ಬೆಟ್ಟದಲ್ಲಿ ಹುಟ್ಟಿದ ಕೃಷ್ಣೆ ಆಲಮಟ್ಟಿಗೆ ಬಂದು ನಿಲ್ಲುತ್ತಾಳೆ. ಪೇಟೆಯಲ್ಲಿ ಹುಟ್ಟಿದ ಕಸವೂ ಹಾಗೆಯೇ ಕೊನೆಗೆ ಯಾವುದೋ ಊರಿನ ಹಳ್ಳಕ್ಕೆ ಬಂದು ನಿಲ್ಲುತ್ತದೆ. ಆದರೆ ಕಸದ ಮಾತಿಗೆ ಮೊದಲು ಬೆಂಕಿಯ ಮಾತನ್ನು ಆಡಬೇಕಾಗಿದೆ.

2006ರ ಜೂನ್ ತಿಂಗಳಲ್ಲಿ ಜಪಾನಿನ ಒಸಾಕಾ ನಗರದ ಸಮ್ಮೇಳನವೊಂದರಲ್ಲಿ ಡೆಲ್ ಲ್ಯಾಪ್‌ಟಾಪೊಂದು ಹೊತ್ತಿ ಉರಿಯಿತು. ಅದರ ಚಿತ್ರಗಳು ಜಗತ್ತಿನ ತುಂಬ ಹರಿದಾಡಿದವು. ಆ ವರ್ಷದ ಆಗಸ್ಟ್ 14ರಂದು ಡೆಲ್ ಕಂಪನಿಯು ಸೋನಿಯ ಕೋಶಗಳಿದ್ದ 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಯಿತು. ಹತ್ತು ದಿನಗಳ ತರುವಾಯ ಆಪಲ್ 18 ಲಕ್ಷ ಬ್ಯಾಟರಿಗಳನ್ನು ಕರೆಯಿತು. ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಥಿಂಕ್‌ಪ್ಯಾಡ್ ಒಂದಕ್ಕೆ ಬೆಂಕಿ ಹತ್ತಿದ ಮೇಲೆ ಲೆನೊವೊ ಮತ್ತು ಐಬಿಎಂ ಸಹ 5,26,000 ಬ್ಯಾಟರಿಗಳನ್ನು ಕರೆದವು. ಅಕ್ಟೋಬರಿನ ಹೊತ್ತಿಗೆ ಸೋನಿ ಹಿಂಪಡೆಯಬೇಕಾದ ಬ್ಯಾಟರಿಗಳ ಲೆಕ್ಕ ಸುಮಾರು 96 ಲಕ್ಷ ಮುಟ್ಟಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಡೆಲ್ ತನ್ನ 41 ಲಕ್ಷ ಬ್ಯಾಟರಿಗಳನ್ನು ಕರೆದಾಗ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಮುಂದೆ ಇದ್ದದ್ದು ಅತಿಯಾಗಿ ಕಾದ ಆರು ಪ್ರಕರಣಗಳು ಮಾತ್ರ. ಅಂದರೆ ಹಿಂಪಡೆದ ಬ್ಯಾಟರಿಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಬಳಕೆದಾರ ಮೋಸ ಹೋಗುವುದು ಇಲ್ಲಿಯೇ. 'ಮೂರು ವರ್ಷದಿಂದ ಏನೂ ಆಗಿಲ್ಲ, ಇನ್ನೇನಾದೀತು' ಎಂಬ ಮಾತಿಗೆ ಈ ವಿಷಯದಲ್ಲಿ ಬೆಲೆಯಿಲ್ಲ. ದೋಷ ಇರುವುದು ಬಳಕೆಯಲ್ಲಲ್ಲ, ತಯಾರಿಕೆಯಲ್ಲಿ. ಅದು ಹೊರಗೆ ಕಾಣುವುದೂ ಇಲ್ಲ.

ಅಂದಿನ ಲ್ಯಾಪ್‌ಟಾಪ್ ಬ್ಯಾಟರಿಯ ಕವಚ ಬಿಚ್ಚಿದರೆ ಒಳಗೆ ಕೈಬೆರಳಿನಷ್ಟು ಉದ್ದದ ಕೋಶಗಳು, ಸಾಮಾನ್ಯವಾಗಿ ಆರು, ಸಾಲಾಗಿ ಇರುತ್ತಿದ್ದವು. ಪ್ರತಿ ಕೋಶದ ವ್ಯಾಸ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್. ಅದರೊಳಗೆ ಧನ ಮತ್ತು ಋಣ ಧ್ರುವಗಳ ತೆಳು ಹಾಳೆಗಳನ್ನು ಚಾಪೆಯಂತೆ ಸುತ್ತಿಟ್ಟಿರುತ್ತಾರೆ. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದಿರುತ್ತದೆ. ಸೋನಿಯ ಕೋಶಗಳಲ್ಲಿ ತಯಾರಿಕೆಯ ವೇಳೆ ಲೋಹದ ಸೂಕ್ಷ್ಮ ಕಣಗಳು ಸೇರಿಕೊಂಡಿದ್ದವು. ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳನ್ನು ನೂರಾರು ಚೂರು ಮಾಡಿದರೆ ಸಿಗುವ ಒಂದು ಚೂರಿನಂಥವು. ಅಂಥ ಕಣವೊಂದು ಆ ಪೊರೆಯನ್ನು ತೂರಿದರೆ ಎರಡು ಧ್ರುವಗಳು ಒಳಗೇ ಕೂಡಿ ಶಾರ್ಟ್ ಆಗುತ್ತದೆ. ಕೋಶ ಕಾಯುತ್ತದೆ, ಕಾದಷ್ಟೂ ಒಳಗಿನ ರಾಸಾಯನಿಕ ಕ್ರಿಯೆ ಬಿರುಸಾಗುತ್ತದೆ, ಅದರಿಂದ ಮತ್ತಷ್ಟು ಕಾಯುತ್ತದೆ. ಒಳಗಿನ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದು. ಒಂದು ಕೋಶದ ಬೆಂಕಿ ಪಕ್ಕದ ಕೋಶಕ್ಕೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಇಂದಿನ ಲ್ಯಾಪ್‌ಟಾಪುಗಳಲ್ಲಿ ದುಂಡು ಕೋಶಗಳ ಬದಲು ಚಪ್ಪಟೆ ಚೀಲದಂಥ ಕೋಶಗಳಿವೆ. ಆಕಾರ ಬದಲಾಗಿದೆಯೇ ಹೊರತು ತತ್ತ್ವ ಬದಲಾಗಿಲ್ಲ.

ಕನ್ನಡ ನಾಡಿನ ಸಾಮಾನ್ಯ ಜನರಿಗೆ ಈ ವಿಷಯ ಮುಟ್ಟಿದ್ದು ಲ್ಯಾಪ್‌ಟಾಪಿನಿಂದಲ್ಲ, ಮೊಬೈಲಿನಿಂದ. ಡೆಲ್ ಪ್ರಕಟಣೆಗೆ ಸರಿಯಾಗಿ ಒಂದು ವರ್ಷದ ಮೇಲೆ, 2007ರ ಆಗಸ್ಟ್ 14ರಂದು, ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ನೀಡಿತು. 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಮತ್ಸುಶಿತಾ ಕಂಪನಿ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಕಾಯಬಹುದೆಂದು ತಿಳಿಸಿತು. ದೇಶದ ಸೇವಾ ಕೇಂದ್ರಗಳ ಮುಂದೆ ಜನ ಸಾಲುಗಟ್ಟಿದರು. ಮೊಬೈಲಿನ ಬೆನ್ನು ತೆರೆದು ಬ್ಯಾಟರಿಯ ಹಿಂದಿನ 26 ಅಕ್ಷರಗಳ ಸಂಖ್ಯೆಯನ್ನು ಓದಿಕೊಳ್ಳುವುದು ಅಂದು ಮನೆಮನೆಯ ಕೆಲಸವಾಯಿತು. ಗಾಬರಿ ಅತಿಯಾಗಿತ್ತು, ನಿಜ. ಆದರೆ ವಸ್ತುವಿನ ಮೇಲಿರುವ ಸಂಖ್ಯೆ ಅಲಂಕಾರಕ್ಕಲ್ಲ ಎಂಬುದು ಜನರಿಗೆ ತಿಳಿದದ್ದೂ ಆಗಲೇ.

ಅನಂತರವೂ ಹಿಂಪಡೆತಗಳು ನಿಂತಿಲ್ಲ. ಎಚ್‌ಪಿ ಕಂಪನಿ 2016ರಿಂದ 2019ರವರೆಗೆ ಹಲವು ಸಲ ತನ್ನ ಬ್ಯಾಟರಿಗಳನ್ನು ಕರೆಯಿತು. ಆಪಲ್ 2019ರ ಜೂನ್‌ನಲ್ಲಿ, ಮುಖ್ಯವಾಗಿ 2015ರ ಸೆಪ್ಟೆಂಬರಿನಿಂದ 2017ರ ಫೆಬ್ರವರಿಯವರೆಗೆ ಮಾರಿದ 15 ಅಂಗುಲದ ಮ್ಯಾಕ್‌ಬುಕ್ ಪ್ರೊಗಳನ್ನು ಕರೆಯಿತು. ಆ ಯಂತ್ರಗಳನ್ನು ವಿಮಾನದಲ್ಲಿ ಒಯ್ಯಬಾರದೆಂದು ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯವೂ ಪ್ರಯಾಣಿಕರಿಗೆ ಸೂಚಿಸಿತು.

ಈಗ ಪ್ರಶ್ನೆ ಏನೆಂದರೆ, ಈ ಸುದ್ದಿ ಸಿಂದಗಿಯ ವಿದ್ಯಾರ್ಥಿನಿಗೆ, ಇಂಡಿಯ ಬಸ್ ನಿಲ್ದಾಣದ ಬಳಿಯ ಆನ್‌ಲೈನ್ ಸೆಂಟರಿನವನಿಗೆ ತಲುಪುತ್ತದೆಯೇ? ಕಂಪನಿ ತಿಳಿಸುವುದು ತನ್ನಲ್ಲಿ ಹೆಸರು ನೋಂದಾಯಿಸಿದ ಮೊದಲ ಖರೀದಿದಾರನಿಗೆ, ಅದೂ ಹೆಚ್ಚಾಗಿ ಇಂಗ್ಲಿಷಿನ ಮಿಂಚಂಚೆಯಲ್ಲಿ. ಈ ನಾಲ್ಕು ತಾಲ್ಲೂಕುಗಳಿಗೆ ಲ್ಯಾಪ್‌ಟಾಪ್ ಬರುವ ದಾರಿಗಳು ಬೇರೆ. ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣ ಹಳೆಯದನ್ನು ತಮ್ಮನಿಗೆ ಕಳಿಸುತ್ತಾನೆ. ಬೆಂಗಳೂರಿನ ಕಚೇರಿಗಳು ಕಳೆದ ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುತ್ತವೆ. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಯೋಜನೆಯಲ್ಲಿ ಸಿಕ್ಕವೂ ಇವೆ. ಇವರಲ್ಲಿ ಯಾರ ಹೆಸರೂ ಕಂಪನಿಯ ಪಟ್ಟಿಯಲ್ಲಿರುವ ಸಂಭವ ಕಡಿಮೆ. ಕಂಪನಿಗಳ ಜಾಹೀರಾತಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಎಚ್ಚರಿಕೆಗೆ ಮಾತ್ರ ಬರುವುದಿಲ್ಲ. ಆದ್ದರಿಂದ ಹುಡುಕುವ ಹೊರೆ ಬಳಕೆದಾರನ ಮೇಲೆಯೇ ಬೀಳುತ್ತದೆ. ಇದು ನ್ಯಾಯವಲ್ಲ. ಆದರೆ ಮನೆಯಲ್ಲಿ ಮಕ್ಕಳು ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮಲಗುತ್ತಿರುವಾಗ ನ್ಯಾಯಕ್ಕಾಗಿ ಕಾಯುತ್ತ ಕೂರುವಂತಿಲ್ಲ.

ಹುಡುಕುವ ಕೆಲಸ ಕಷ್ಟದ್ದಲ್ಲ. ಲ್ಯಾಪ್‌ಟಾಪಿನ ಅಡಿಭಾಗದಲ್ಲಿ ಮಾದರಿಯ ಹೆಸರು ಹಾಗೂ ಕ್ರಮಸಂಖ್ಯೆ ಇರುತ್ತವೆ. ಬ್ಯಾಟರಿಯನ್ನು ಹೊರಗೆ ತೆಗೆಯಬಹುದಾದ ಹಳೆಯ ಮಾದರಿಯಾದರೆ ಅದರ ಮೇಲೆಯೇ ಪ್ರತ್ಯೇಕ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಕಂಪನಿಯ ಅಧಿಕೃತ ಜಾಲತಾಣದ ಹಿಂಪಡೆತದ ಪುಟದಲ್ಲಿ ಕೊಟ್ಟು ನೋಡಬೇಕು, ಇಲ್ಲವೇ ಸಹಾಯವಾಣಿಗೆ ಓದಿ ಹೇಳಬೇಕು. ಹುಡುಕಿದಾಗ ಮೊದಲು ಸಿಕ್ಕ ಯಾವುದೋ ದೂರವಾಣಿ ಸಂಖ್ಯೆಗೆ ಕರೆಮಾಡಿ ಬ್ಯಾಂಕಿನ ವಿವರ ಕೊಡುವುದು ಬೇಡ. ಬ್ಯಾಟರಿ ಬದಲಿಸಿಕೊಡಲು ಯಾವ ಕಂಪನಿಗೂ ಗ್ರಾಹಕನ ಒಟಿಪಿ ಬೇಕಾಗುವುದಿಲ್ಲ. ಇನ್ನೊಂದು ತೊಡಕು: ನಡುವೆ ಸ್ಥಳೀಯ ಅಂಗಡಿಯಲ್ಲಿ ಬೇರೆ ಬ್ಯಾಟರಿ ಹಾಕಿಸಿದ್ದರೆ ಯಂತ್ರದ ಸಂಖ್ಯೆ ಪಟ್ಟಿಯಲ್ಲಿದ್ದರೂ ಒಳಗಿರುವ ಬ್ಯಾಟರಿ ಕಂಪನಿಯದಲ್ಲ. ಅಂಥದಕ್ಕೆ ಕಂಪನಿ ಹೊಣೆ ಹೊರುವುದಿಲ್ಲ. ಹೊಸ ಬ್ಯಾಟರಿ ಕೊಳ್ಳುವಾಗ ಅದರ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಐಎಸ್ 16046 ಎಂಬ ಮಾನಕದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡುವುದು, ರಸೀದಿ ಕೇಳಿ ಪಡೆಯುವುದು ಇದಕ್ಕಾಗಿ.

ಸಂಖ್ಯೆ ಪಟ್ಟಿಯಲ್ಲಿ ಇದೆಯೆಂದಾದರೆ ಆ ಕ್ಷಣದಿಂದಲೇ ಚಾರ್ಜ್ ಮಾಡುವುದನ್ನು ನಿಲ್ಲಿಸಬೇಕು. ತೆಗೆಯಬಹುದಾದ ಬ್ಯಾಟರಿಯನ್ನು ತೆಗೆದು, ಯಂತ್ರವನ್ನು ನೇರ ವಿದ್ಯುತ್ತಿನಲ್ಲಿ ನಡೆಸಬಹುದು. ಒಳಗೇ ಕೂಡಿಸಿದ ಬ್ಯಾಟರಿಗಳಿಗಾಗಿ ಎಚ್‌ಪಿ 2018ರಲ್ಲಿ ಒಂದು ತಂತ್ರಾಂಶ ಕೊಟ್ಟಿತ್ತು. ಅದು ಬ್ಯಾಟರಿಯನ್ನು ಬರಿದು ಮಾಡಿ ಮತ್ತೆ ಚಾರ್ಜ್ ಆಗದಂತೆ ತಡೆಯುತ್ತದೆ. ಕರೆಂಟು ಹೋದರೆ ಮಾಡುತ್ತಿದ್ದ ಕೆಲಸವೂ ಹೋಗುತ್ತದೆ ಎಂಬುದು ಈ ಊರುಗಳ ಬೇಸಿಗೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅದೇ ಬೇಸಿಗೆ, 40 ಡಿಗ್ರಿ ದಾಟುವ ಬಿಸಿಲು, ತಗಡಿನ ಅಂಗಡಿಯೊಳಗಿನ ಬ್ಯಾಟರಿಯ ಆಯುಷ್ಯವನ್ನೂ ಕುಂದಿಸುತ್ತದೆ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಬಿಚ್ಚುವುದು ಸಲ್ಲದು. ಹೊರತೆಗೆದ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ಗಡಿಗೆಯಲ್ಲಿ ಒಣ ಮರಳು ತುಂಬಿ ಅದರೊಳಗಿಟ್ಟು, ಮೇವಿನ ಬಣವೆ, ಹತ್ತಿ, ಸೀಮೆಎಣ್ಣೆಗಳಿಂದ ದೂರ, ನೆರಳಿನಲ್ಲಿಡಬೇಕು. ಹೊತ್ತಿಕೊಂಡೇ ಬಿಟ್ಟರೆ ವಿದ್ಯುತ್ ಸಂಪರ್ಕ ತಪ್ಪಿಸಿ, ಬಹಳಷ್ಟು ನೀರು ಸುರಿದು ತಣಿಸಬೇಕು. ಹೊಗೆ ವಿಷಕಾರಿ, ಮಕ್ಕಳನ್ನು ಹೊರಗೆ ಕಳಿಸಬೇಕು.

ಇನ್ನು ಬದಲಿ ಪಡೆಯುವ ಬಗೆ. ಕಂಪನಿಯವರು 'ಉಚಿತ' ಎನ್ನುತ್ತಾರೆ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿಲೋಮೀಟರ್. ಅಲ್ಲಿ ಆ ಕಂಪನಿಯ ಸೇವಾ ಕೇಂದ್ರ ಇಲ್ಲದಿದ್ದರೆ ಸೊಲ್ಲಾಪುರವೋ ಕಲಬುರಗಿಯೋ ಹುಬ್ಬಳ್ಳಿಯೋ ಆಗಬೇಕು. ಒಂದು ದಿನದ ಕೂಲಿ, ಬಸ್ಸಿನ ದರ, ಎರಡನೆಯ ಸಲ ಮತ್ತೆ ಅಷ್ಟೇ. ಉಚಿತದ ಲೆಕ್ಕದಲ್ಲಿ ಇದು ಸೇರಿರುವುದಿಲ್ಲ. ಅಂಚೆ ಅಥವಾ ಕೊರಿಯರಿನಲ್ಲಿ ಕಳಿಸಿಬಿಡುವ ಯೋಚನೆ ಬೇಡ. ದೋಷವಿದೆಯೆಂದು ಸುರಕ್ಷತೆಗಾಗಿ ಹಿಂಪಡೆದ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಸಾಗಿಸುವುದು ಅಂತರರಾಷ್ಟ್ರೀಯ ನಿಯಮದಂತೆ ನಿಷಿದ್ಧ. ಮನೆಗೆ ಬಂದು ಒಯ್ಯಿರೆಂದು, ಇಲ್ಲವೇ ಸುರಕ್ಷಿತ ಪೆಟ್ಟಿಗೆ ಕಳಿಸಿರೆಂದು ಕಂಪನಿಯನ್ನೇ ಕೇಳಬೇಕು. ಕೇಳುವುದು ಬರಹದಲ್ಲಿರಲಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ.

ಕಂಪನಿ ಕಿವಿಗೊಡದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಅದರ ಮೇಲೆ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗವಿದೆ. 1986ರ ಹಳೆಯ ಕಾಯಿದೆಯಲ್ಲಿ ಎದುರುದಾರನ ಕಚೇರಿ ಇರುವ ಕಡೆಗೋ ವ್ಯವಹಾರ ನಡೆದ ಕಡೆಗೋ ಗ್ರಾಹಕ ಹೋಗಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗ್ರಾಹಕ ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ಮಾಡಿತು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಅವಧಿ ಎರಡು ವರ್ಷ. ತಯಾರಿಕೆಯ ದೋಷದಿಂದ ಹಾನಿಯಾದರೆ ತಯಾರಕನ ಅಜಾಗರೂಕತೆಯನ್ನು ಸಾಬೀತುಪಡಿಸುವ ಹೊರೆ ಗ್ರಾಹಕನಿಗಿಲ್ಲ. ತಯಾರಕ ಯಾರೆಂದೇ ತಿಳಿಯದ ಬ್ಯಾಟರಿಯಾದರೆ ಮಾರಿದ ಅಂಗಡಿಯವನೇ ಹೊಣೆ. ಹಣ ಕೊಟ್ಟವನ ಒಪ್ಪಿಗೆಯಿಂದ ವಸ್ತುವನ್ನು ಬಳಸುವವನನ್ನೂ ಕಾಯಿದೆ ಗ್ರಾಹಕನೆಂದೇ ಕರೆಯುತ್ತದೆ. ಅಣ್ಣ ಕೊಂಡದ್ದನ್ನು ಬಳಸುವ ತಮ್ಮ 'ರಸೀದಿ ನನ್ನ ಹೆಸರಿನಲ್ಲಿಲ್ಲ' ಎಂದು ಹಿಂಜರಿಯಬೇಕಾಗಿಲ್ಲ. ಉಚಿತ ಯೋಜನೆಯ ವಿದ್ಯಾರ್ಥಿಯೂ ಈ ಮಾತನ್ನು ಮುಂದಿಟ್ಟು ಕೇಳಬಹುದು. ಸ್ವಂತ ಹೊಟ್ಟೆಪಾಡಿಗಾಗಿ ಯಂತ್ರ ಕೊಂಡ ಆನ್‌ಲೈನ್ ಸೆಂಟರಿನವನೂ ಗ್ರಾಹಕನೇ.

ಇದೇ ಕಾಯಿದೆಯಿಂದ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಪಾಯಕಾರಿ ವಸ್ತುಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವೂ ಇದೆ. 2022ರಲ್ಲಿ ಐಎಸ್‌ಐ ಗುರುತಿಲ್ಲದ ಪ್ರೆಷರ್ ಕುಕ್ಕರುಗಳ ವಿಷಯದಲ್ಲಿ ಆನ್‌ಲೈನ್ ಮಾರಾಟಗಾರರ ಮೇಲೆ ಅದು ಈ ಅಧಿಕಾರ ಬಳಸಿತು. ಅಂದರೆ ಹಿಂಪಡೆತವು ಕಂಪನಿಯ ಔದಾರ್ಯವಲ್ಲ.

ಇನ್ನು ಕಸದ ಮಾತು. ಈ ಬ್ಯಾಟರಿಗಳಲ್ಲಿ ಕೋಬಾಲ್ಟ್, ನಿಕ್ಕಲ್, ತಾಮ್ರ ಇರುತ್ತವೆ. ಒಳಗಿನ ಲಿಥಿಯಂ ಲವಣ ನೀರಿನೊಡನೆ ಸೇರಿದರೆ ಫ್ಲೋರಿನ್ನಿನ ಸುಡುವ ಆಮ್ಲ ಹುಟ್ಟುತ್ತದೆ. 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಎಂಬ ಗಾದೆ ಈ ಜಿಲ್ಲೆಯದು. ಆ ಕರಿಮಣ್ಣಿಗೆ ಸೇರುವ ಹಳ್ಳದ ದಂಡೆಯಲ್ಲಿ ತಿಪ್ಪೆಯ ಜೊತೆ ಬ್ಯಾಟರಿ ಸುಡುವುದು ಬರುವ ವರ್ಷಗಳ ಜೋಳಕ್ಕೆ ಮಾಡುವ ದ್ರೋಹ. 2001ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಗಳಿಗಷ್ಟೇ ಅನ್ವಯಿಸುತ್ತಿದ್ದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಬ್ಯಾಟರಿಗಳನ್ನೂ ಒಳಗೊಂಡಿವೆ. ಬಳಸಿದ ಬ್ಯಾಟರಿಯನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆ ತಯಾರಕರದು, ಬೇರೆ ಕಸದೊಡನೆ ಬೆರೆಸದೆ ಒಪ್ಪಿಸುವ ಹೊಣೆ ಬಳಕೆದಾರರದು. ಬ್ಯಾಟರಿಯ ಮೇಲೆ ಗಾಲಿಯುಳ್ಳ ಕಸದ ತೊಟ್ಟಿಗೆ ಅಡ್ಡಗೆರೆ ಎಳೆದ ಚಿತ್ರವಿರುವುದು ಇದನ್ನೇ ನೆನಪಿಸಲು.

ತಾಲ್ಲೂಕು ಕೇಂದ್ರಗಳ ರಿಪೇರಿ ಅಂಗಡಿಗಳ ಮೂಲೆಯಲ್ಲಿ ಇಂಥ ಬ್ಯಾಟರಿಗಳ ಗುಡ್ಡೆ ಬಿದ್ದಿರುತ್ತದೆ. ಒಂದು ದಿನ ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆಂದು ಅಂಗಡಿಯವನಿಗೂ ತಿಳಿಯದು. ಆ ಗುಡ್ಡೆಯಲ್ಲಿ ಹಿಂಪಡೆತದ ಪಟ್ಟಿಗೆ ಸೇರಿದವೂ ಇರಬಹುದು. ಕಾಲೇಜಿನ ವಿದ್ಯಾರ್ಥಿಗಳು ಒಂದು ರವಿವಾರ ಅಂಗಡಿಯವರ ಜೊತೆ ಕುಳಿತು, ಬ್ಯಾಟರಿಗಳ ಸಂಖ್ಯೆಗಳನ್ನು ಬರೆದು ಕಂಪನಿಗಳ ಪಟ್ಟಿಯೊಡನೆ ತಾಳೆ ನೋಡಬಹುದು. ಬೇಕಾದದ್ದು ಒಂದು ನೋಟುಬುಕ್ಕು, ಒಂದು ಮೊಬೈಲು, ಮತ್ತು ಬಾಗಿಲ ಬಳಿ ಮರಳಿನ ಒಂದು ಬುಟ್ಟಿ.