ಕರಪತ್ರಕ್ಕೆ ಎಲ್ಲ ಗೊತ್ತು, ಕವಿತೆಗೆ ಗೊತ್ತಿಲ್ಲ
(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಸಾಹಿತ್ಯದ ಪಂಡಿತನಲ್ಲ. ಆದರೆ ಕರಪತ್ರ ಅಚ್ಚು ಹಾಕಿ ಹಾಕಿ ಒಂದು ಮಾತು ಕಲಿತಿದ್ದೇನೆ. ಗಲಭೆಯ ಕಾಲದಲ್ಲಿ ಕರಪತ್ರಕ್ಕೆ ಎಲ್ಲವೂ ಗೊತ್ತಿರುತ್ತದೆ. ಶತ್ರು ಯಾರು, ಹುತಾತ್ಮ ಯಾರು, ನಾಳೆ ಏನು ಮಾಡಬೇಕು, ಎಲ್ಲ! ಕವಿತೆಗೆ ಅಷ್ಟು ಗೊತ್ತಿರುವುದಿಲ್ಲ. 'ಇದೇನಾಯಿತು?' ಎಂದು ಅದು ದಿಕ್ಕೆಟ್ಟು ನಿಲ್ಲುತ್ತದೆ. ಬೆಂಕಿಯ ನಡುವೆ ಸಿಕ್ಕ ಮನುಷ್ಯನ ಪಾಡೂ ಅದೇ ಅಲ್ಲವೇ? ಅದಕ್ಕೇ ಅಂತರ್ಯುದ್ಧದ ಗೊಂದಲವನ್ನು ಅರಿಯಬೇಕಾದರೆ ಕವಿತೆ ಓದಬೇಕು.

ಪಕ್ಕದ ಶ್ರೀಲಂಕಾವನ್ನೇ ನೋಡಿ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂದು ಕಾನೂನು ಬಂತು. ತಮಿಳರ ಗಾಯ ಕೀವುಗಟ್ಟಿತು. 1983ರ ಜುಲೈ ಹತ್ಯಾಕಾಂಡದ ನಂತರ ಹೊತ್ತಿದ ಯುದ್ಧ 2009ರ ಮೇ ತನಕ ಉರಿಯಿತು.

ಅಲ್ಲೊಬ್ಬ ಕವಿ, ಎಂ.ಎ. ನುಹ್ಮಾನ್. ಪೂರ್ವ ಕರಾವಳಿಯ ಮುಸ್ಲಿಮರು, ಬರೆದದ್ದು ತಮಿಳಿನಲ್ಲಿ. 1977ರ ಗಲಭೆಯ ಬಗ್ಗೆ ಅವರದೊಂದು ಕವಿತೆಯಿದೆ. ಮೊದಲು ನಿನ್ನೆಯ ಸಂಜೆ: ಜಾಫ್ನಾ ಪೇಟೆ, ಬಸ್ಸು, ಪುಸ್ತಕದಂಗಡಿ, ಸಿನಿಮಾ. ಆಮೇಲೆ ಇಂದಿನ ಬೆಳಿಗ್ಗೆ: ಅದೇ ಪೇಟೆಯಲ್ಲಿ ಖಾಕಿ, ಗುಂಡು, ಬೆಂಕಿ. ನಡುವಿನ ಒಂದು ರಾತ್ರಿಯಲ್ಲಿ ಏನಾಯಿತೆಂಬ ವಿವರಣೆ ಇಲ್ಲ. ಆ ವಿವರಣೆ ಇಲ್ಲದಿರುವುದೇ ಭಯ ಹುಟ್ಟಿಸುತ್ತದೆ.

1981ರ ಮೇ 31ರ ರಾತ್ರಿ ಜಾಫ್ನಾ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕಗಳು, ತಾಳೆಗರಿಗಳು ಬೂದಿಯಾದವು. ಅಚ್ಚಿನ ಕೆಲಸದವನಾದ ನನಗೆ ಈ ಸಂಖ್ಯೆ ಕೇಳಿದರೇ ಹೊಟ್ಟೆ ಉರಿಯುತ್ತದೆ. ನುಹ್ಮಾನ್ ಇದರ ಬಗ್ಗೆಯೂ ಬರೆದರು. ಸಿಂಹಳರನ್ನು ಬೈದು ಬರೆಯಬಹುದಿತ್ತು. ಅವರ ಕವಿತೆಯಲ್ಲಿ ಕೊಲೆಯಾಗುವವನು ಬುದ್ಧ! ಪುಸ್ತಕಗಳೇ ಅವನ ಚಿತೆ. ಬೆಂಕಿ ಇಟ್ಟವರ ದೇವರಿಗಾಗಿಯೇ ಅತ್ತ ಕವಿ ಅವರು.

ಇನ್ನು ಕಹಿಯಾದ ಮಾತು. ಜಾಫ್ನಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಕವಯಿತ್ರಿ ಸೆಲ್ವಿ. 1991ರ ಆಗಸ್ಟ್‌ನಲ್ಲಿ ಆಕೆಯನ್ನು ಹಿಡಿದೊಯ್ದವರು ಸಿಂಹಳ ಸೈನಿಕರಲ್ಲ, ತಮಿಳರ ಹೆಸರಿನಲ್ಲೇ ಹೋರಾಡುತ್ತಿದ್ದ ಎಲ್‌ಟಿಟಿಇಯವರು. ಆಕೆ ಮರಳಿ ಬರಲಿಲ್ಲ. ಅದೇ ವರ್ಷ ಶಿವರಮಣಿ ಎಂಬ ಇನ್ನೊಬ್ಬ ಯುವ ಕವಯಿತ್ರಿ ತನ್ನ ಕವಿತೆಗಳಿಗೆ ಬೆಂಕಿಯಿಟ್ಟು ಪ್ರಾಣ ಕಳೆದುಕೊಂಡಳು. ನಮ್ಮವರೂ ನಮ್ಮನ್ನೇ ಕೊಲ್ಲಬಹುದೆಂಬುದು ಅಂತರ್ಯುದ್ಧದ ಕೊನೆಯ ಪಾಠ. ಯಾವ ಕರಪತ್ರವೂ ಇದನ್ನು ಅಚ್ಚು ಹಾಕುವುದಿಲ್ಲ.

ನಮಗೇಕೆ ಇದು ಎನ್ನುತ್ತೀರಾ? ಅದೇ 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾಗಿ ನಮ್ಮ ಬೆಂಗಳೂರಿನಲ್ಲೂ ತಮಿಳು ಬಡವರ ಗುಡಿಸಲುಗಳು ಉರಿದವು. ಅದು ಯುದ್ಧವಲ್ಲ, ನಿಜ. ಆದರೆ ಗುಡಿಸಲು ಕಳೆದುಕೊಂಡವಳ ಪಾಲಿಗೆ ನಿನ್ನೆಯ ಸಂಜೆ, ಇಂದಿನ ಬೆಳಿಗ್ಗೆ ಎರಡೂ ಬೇರೆಬೇರೆಯೇ ಆದವು.

ಗೆಳೆಯರೇ, ಭಾಷೆಗಾಗಿ ಹೋರಾಡೋಣ, ಹಕ್ಕು ಕೇಳೋಣ. ಘೋಷಣೆ ಬೇಕಾದರೆ ಬ್ಯಾನರಿಗೆ ಬರೆಯಿರಿ, ನಾನೇ ಅಚ್ಚು ಹಾಕಿಕೊಡುತ್ತೇನೆ. ಕವಿತೆಯಲ್ಲಿ ಮಾತ್ರ ಕಂಡದ್ದನ್ನೇ ಬರೆಯಿರಿ. ಬಾಗಿಲು ಹಾಕಿದ ಅಂಗಡಿ, ಬಸ್ಸಿಲ್ಲದೆ ನಡೆದು ಬಂದ ಗಾರ್ಮೆಂಟ್ಸ್ ಹೆಣ್ಣುಮಗಳು, ಪಕ್ಕದ ಮನೆಯವರ ಮುಖದ ಅಂಜಿಕೆ. ನಮ್ಮವರದೇ ತಪ್ಪು ಕಂಡರೆ ಅದನ್ನೂ ಬರೆಯಿರಿ. ಸತ್ಯ ಹೇಳಲು ಹೆದರುವ ಭಾಷೆ ಎಷ್ಟು ದಿನ ಬಾಳೀತು?